ಬರ್ಮಿಂಗ್‌ಹ್ಯಾಮ್‌ನಲ್ಲಿ ಎರಡೂವರೆ ಗುಂಟೆ

ಊರಿಗೆ ಫೋನ್ ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಅಲ್ಲ ಕಣೇ, ಇಂಗ್ಲೆಂಡಲ್ಲಿ ನಿಮಗೆ ಜಮೀನು ಯಾರು ಕೊಟ್ರು?"

ಕೊಟ್ಟಿದ್ದು ನಗರಸಭೆ, ಅದೂ ಬಾಡಿಗೆಗೆ. ಇಲ್ಲಿ ಇದಕ್ಕೆ ಅಲಾಟ್‌ಮೆಂಟ್ ಅಂತಾರೆ. ಮನೆಗಳ ಹಿಂದೆಯೋ ರೈಲು ಹಳಿ ಪಕ್ಕದಲ್ಲೋ ಇರುವ ದೊಡ್ಡ ಜಾಗವನ್ನು ತುಂಡು ತುಂಡು ಮಾಡಿ, ವರ್ಷಕ್ಕಿಷ್ಟು ಅಂತ ಬಾಡಿಗೆ ತಗೊಂಡು, ತರಕಾರಿ ಬೆಳೆದುಕೊಳ್ಳಿ ಅಂತ ಜನರಿಗೆ ಕೊಡುತ್ತಾರೆ. ಜನ ಕೇಳಿದರೆ ಜಾಗ ಒದಗಿಸಬೇಕು ಅಂತ 1908ರ ಕಾಯ್ದೆಯೇ ಇದೆ. ಬೆಳೆದದ್ದು ಮುಖ್ಯವಾಗಿ ಬೆಳೆದವರ ಮನೆಯ ಊಟಕ್ಕೆ ಹೋಗಬೇಕು ಅನ್ನುವ ಮಾತು 1922ರ ಕಾಯ್ದೆಯಲ್ಲಿದೆ. ಮಾರಿ ದುಡ್ಡು ಮಾಡೋಕಲ್ಲ. ಹಾಗಾಗಿ ಜಾಸ್ತಿ ಬಂದದ್ದೆಲ್ಲ ಅಕ್ಕಪಕ್ಕದವರಿಗೆ, ಆಫೀಸಿಗೆ, ಮಕ್ಕಳ ಟೀಚರಿಗೆ ಹೋಗುತ್ತದೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಥ ಜಾಗಗಳು ನೂರಕ್ಕೂ ಹೆಚ್ಚಿವೆ. ಇಲ್ಲಿ ಈ ರೂಢಿ ಬಹಳ ಹಳೆಯದು. ಒಂದು ಕಾಲಕ್ಕೆ ವರ್ಷಕ್ಕೆ ಒಂದು ಗಿನಿ (ಇಲ್ಲಿನ ಹಳೇ ನಾಣ್ಯ) ಬಾಡಿಗೆ ಕೊಟ್ಟು ಪೇಟೆಯ ಜನ ತೋಟ ಮಾಡುತ್ತಿದ್ದರಂತೆ. ಅಂಥ ಗಿನಿ ತೋಟಗಳಲ್ಲಿ ಒಂದು ತುಂಡು ಎಜ್‌ಬಾಸ್ಟನ್‌ನಲ್ಲಿ ಈಗಲೂ ಉಳಿದಿದೆ.

ಪ್ಲಾಟಿನ ಅಳತೆ ರಾಡ್ ಲೆಕ್ಕದಲ್ಲಿ. ಪೂರ್ತಿ ಪ್ಲಾಟ್ ಅಂದರೆ 10 ರಾಡ್, ಅಂದರೆ 10 ಚದರ ರಾಡ್. ಮೊದಲ ಸಲ ಪತ್ರದಲ್ಲಿ ಇದನ್ನು ಓದಿದಾಗ ನನ್ನ ಗಂಡ ಪೆನ್ನು ಹಿಡಿದು ಲೆಕ್ಕ ಹಾಕಲು ಕೂತರು. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ. ನಮ್ಮ ಗುಂಟೆ 33 ಅಡಿಗೆ 33 ಅಡಿ. ಅಂದರೆ ಗುಂಟೆಯ ಒಂದು ಬದಿ ಸರಿಯಾಗಿ ಎರಡು ರಾಡ್, ಮತ್ತು ನಾಲ್ಕು ಚದರ ರಾಡ್ ಸೇರಿದರೆ ಒಂದು ಗುಂಟೆ! ಹೀಗೆ ನಮ್ಮ ಪ್ಲಾಟ್ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಎರಡೂವರೆ ಗುಂಟೆ. ಹಾಸನದ ಪಹಣಿಯೂ ಬರ್ಮಿಂಗ್‌ಹ್ಯಾಮ್‌ನ ಬಾಡಿಗೆ ಪತ್ರವೂ ಒಂದೇ ಸರ್ವೆ ಅಳತೆಯ ಮೇಲೆ ನಿಂತಿವೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ಮಣ್ಣೂ ಕೆಂಪೇ. ಇಲ್ಲಿ ನಮ್ಮ ಪ್ಲಾಟಿನ ಕಡೆ ನೆಲದಡಿ ಕೆಂಪು ಜೇಡಿ ಇದೆ. ಮಳೆ ಬಂದಾಗ ಬೂಟಿಗೆ ಅಂಟಿಕೊಂಡರೆ ಬಿಡುವುದೇ ಇಲ್ಲ, ಬೇಸಿಗೆಯಲ್ಲಿ ಒಣಗಿದರೆ ಗುದ್ದಲಿ ಇಳಿಯುವುದಿಲ್ಲ.

ಅಳತೆ ಒಂದೇ, ಬಣ್ಣವೂ ಒಂದೇ. ಕಾಲ ಮಾತ್ರ ಬೇರೆ.

ಊರಲ್ಲಿ ನಮ್ಮ ಮಾವನವರು ಮಳೆ ನಕ್ಷತ್ರ ನೋಡಿ ಬಿತ್ತುತ್ತಿದ್ದರು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಮಾತು. ಇಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ, ಅದನ್ನು ನೋಡಿ ಏನೂ ತೀರ್ಮಾನ ಮಾಡಲು ಆಗುವುದಿಲ್ಲ. ಇಲ್ಲಿ ನೋಡಬೇಕಾದ್ದು ಎರಡು, ಹಿಮ (ಅಂದರೆ ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಚಳಿ) ಮತ್ತು ಬೆಳಕು. ಮೇ ತಿಂಗಳ ಮಧ್ಯದವರೆಗೂ ಒಂದು ರಾತ್ರಿ ಹಿಮ ಕಟ್ಟಿ ಎಳೆ ಗಿಡವನ್ನೆಲ್ಲ ಸುಟ್ಟು ಹಾಕಬಹುದು. ಅಕ್ಟೋಬರ್‌ನಲ್ಲಿ ಮತ್ತೆ ಶುರು. ಇನ್ನು ಬೆಳಕು. ಊರಲ್ಲಿ ವರ್ಷದ ಅತಿ ಉದ್ದದ ಹಗಲು 13 ಗಂಟೆ ಹತ್ತಿರ, ಅತಿ ಚಿಕ್ಕದು 11 ಗಂಟೆ ದಾಟುತ್ತದೆ. ಅಂಥಾ ವ್ಯತ್ಯಾಸವೇನಿಲ್ಲ. ಇಲ್ಲಿ ಜೂನ್‌ನಲ್ಲಿ ಸುಮಾರು 17 ಗಂಟೆ ಹಗಲು, ಡಿಸೆಂಬರ್‌ನಲ್ಲಿ 8 ಗಂಟೆಯೂ ಇಲ್ಲ. ಯಾವ ಗಿಡ ಯಾವಾಗ ಹೂ ಬಿಡಬೇಕು ಅನ್ನುವುದನ್ನು ಇದೇ ನಿರ್ಧಾರ ಮಾಡುತ್ತದೆ.

ಅವರೆಕಾಯಿ ವಿಷಯವನ್ನೇ ತಗೊಳ್ಳಿ. ಇಲ್ಲಿಗೆ ಬಂದ ಕನ್ನಡದವರೆಲ್ಲ ಮೊದಲು ಕೇಳುವುದು ಅದನ್ನೇ, ಅವರೆ ಬರುತ್ತಾ ಅಂತ. ಬಳ್ಳಿ ಬರುತ್ತದೆ, ಚೆನ್ನಾಗೇ ಬರುತ್ತದೆ. ನಮ್ಮ ಸಾಲಿನ ಕೊನೆಯಲ್ಲಿ ಸಿಲ್ಹೆಟ್ ಕಡೆಯ ಒಂದು ಬಾಂಗ್ಲಾ ಕುಟುಂಬ ಇದೆ, ಅವರು ಪ್ಲಾಸ್ಟಿಕ್ ಹೊದಿಸಿದ ಸುರಂಗದಲ್ಲಿ ಅವರೆ ಹಾಕುತ್ತಾರೆ. ಆಗಸ್ಟ್‌ನಲ್ಲಿ ನೋಡಿದರೆ ಎಲೆಯೋ ಎಲೆ, ಒಂದು ಹೂವಿಲ್ಲ. ಯಾಕೆಂದರೆ ಹಳೆ ತಳಿಯ ಅವರೆಗೆ ಹಗಲು ಗಿಡ್ಡ ಆಗಬೇಕು. ಊರಲ್ಲಿ ಅದು ಚಳಿಗಾಲದ ಬೆಳೆ ಆಗಿರುವುದೂ ಅದಕ್ಕೇ. ಇಲ್ಲಿ ಹಗಲು ಕುಗ್ಗಿ ಅದು ಹೂ ಬಿಡುವ ಹೊತ್ತಿಗೆ ಸೆಪ್ಟೆಂಬರ್ ಕೊನೆ, ಕಾಯಿ ಕಟ್ಟಬೇಕು ಅನ್ನುವಾಗ ಹಿಮ. ಸುರಂಗದ ಒಳಗೆ ಅವರಿಗೆ ಒಂದಿಷ್ಟು ಸಿಗುತ್ತದೆ, ಬಯಲಲ್ಲಿ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಹೆಬ್ಬಾಳ ಅವರೆ ತಳಿಗಳಿಗೆ ಈ ಹಗಲಿನ ಕಟ್ಟು ಇಲ್ಲ, ವರ್ಷವಿಡೀ ಬಿಡುತ್ತವೆ. ಆದರೆ ಊರಿಂದ ಬೀಜ ಬ್ಯಾಗಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ, ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಈ ನಿಯಮ ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ. ಬೀಜದ ಜೊತೆ ರೋಗವೂ ವಿಮಾನ ಹತ್ತುತ್ತದೆ, ಒಬ್ಬರ ಪ್ಲಾಟಿಗೆ ಬಂದದ್ದು ಎಲ್ಲರ ಪ್ಲಾಟಿಗೂ ಬರುತ್ತದೆ.

ನಾವು ಹಿಡಿದ ದಾರಿ ಬೇರೆ. ಊರಿನ ತರಕಾರಿಯನ್ನು ಇಲ್ಲಿ ಹಟ ಹಿಡಿದು ಬೆಳೆಯುವ ಬದಲು, ಇಲ್ಲಿ ಸಲೀಸಾಗಿ ಬರುವುದರಲ್ಲಿ ನಮ್ಮ ಅಡುಗೆಗೆ ಒಗ್ಗುವುದು ಯಾವುದು ಅಂತ ಹುಡುಕೋದು. ವರ್ಷದ ಕೆಲಸ ಪೂರ್ತಿ ಇದರ ಸುತ್ತಲೇ.

ಅವರೆ ಜಾಗದಲ್ಲಿ ಬ್ರಾಡ್ ಬೀನ್ಸ್ ಬಂತು. ಇದನ್ನು ಅಕ್ಟೋಬರ್ ಕೊನೆ ಇಲ್ಲ ನವೆಂಬರ್‌ನಲ್ಲಿ ಬಿತ್ತಬೇಕು. ಆಕ್ವಾಡುಲ್ಚೆ ಅನ್ನುವ ಹಳೆ ತಳಿ ಚಳಿ ತಡೆಯುತ್ತದೆ. ಗೇಣುದ್ದ ಬೆಳೆದು ಹಿಮದಲ್ಲಿ ತಲೆ ಬಗ್ಗಿಸಿ ಮಲಗಿರುತ್ತದೆ, ಮಾರ್ಚ್ ಬಂದರೆ ಎದ್ದು ನಿಲ್ಲುತ್ತದೆ. ಮೇ ತಿಂಗಳಲ್ಲಿ ತುದಿಗೆ ಕಪ್ಪು ಹೇನು ಮುತ್ತುತ್ತವೆ. ಅವು ಬರುವ ಮೊದಲೇ ತುದಿ ಚಿವುಟಿದರೆ ಹೇನಿನ ಕಾಟವೂ ಕಡಿಮೆ, ಒಂದು ಹೊತ್ತಿನ ಸೊಪ್ಪಿನ ಪಲ್ಯವೂ ಆಯ್ತು. ಜೂನ್‌ನಲ್ಲಿ ಕಾಯಿ. ದಪ್ಪ ಸಿಪ್ಪೆ ಬಿಡಿಸಿದರೆ ಒಳಗೆ ಬಿಳಿ ಹತ್ತಿಯಂಥ ಪದರ, ಅದರ ಮೇಲೆ ಸಾಲಾಗಿ ಕಾಳು. ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ ತೆಗೆದು, ತಣ್ಣೀರಿಗೆ ಬಿಟ್ಟು, ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಬೂದು ತೊಗಟೆ ಕೈಯಲ್ಲಿ ಉಳಿದು ಹಸಿರು ಬೇಳೆ ಪಚಕ್ ಅಂತ ಪಾತ್ರೆಗೆ ಹಾರುತ್ತದೆ. ಹಿತುಕಿದ ಬೇಳೆ! ಮಕ್ಕಳು ಈ ಕೆಲಸಕ್ಕೆ ಜಗಳ ಆಡುತ್ತಾರೆ. ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕಾಯಿತುರಿ, ಚೂರು ಚಕ್ಕೆ ಲವಂಗ ರುಬ್ಬಿ ಹಾಕಿ ಸಾರು ಮಾಡಿದ ದಿನ ಅತ್ತೆ ಇಲ್ಲೇ ಇದ್ದರು. ಎರಡು ತುತ್ತು ಮುದ್ದೆ ನುಂಗಿದ ಮೇಲೆ ಹೇಳಿದರು, "ಸೊಗಡಿಲ್ಲ ಕಣವ್ವ. ಆದ್ರೆ ಸಾರು ಸಾರೇ. ಇನ್ನೊಂದು ಸೌಟು ಬಿಡು." ನನಗೆ ಅಷ್ಟು ಸಾಕು. (ರಕ್ತಕಣ ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರು ಈ ಕಾಳನ್ನು ಮುಟ್ಟಲೇಬಾರದು, ರಕ್ತಕಣ ಒಡೆಯುತ್ತವೆ. ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತ ಮೊದಲು ಕೇಳಿಕೊಳ್ಳಿ.)

ಅತ್ತೆ ಬರುವುದು ಮೇ ತಿಂಗಳಲ್ಲಿ, ವಾಪಸ್ ಹೋಗುವುದು ಚಳಿ ಶುರುವಾಗುವ ಮೊದಲು. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ ಅವರದು, ಜೀವನವಿಡೀ ಹೊಲದಲ್ಲಿ ದುಡಿದವರು. ಇಲ್ಲಿ ಮನೆಯೊಳಗೆ ಕೂತು ಅವರಿಗೆ ಬೇಜಾರಾಗುತ್ತಿತ್ತು, ಹೊರಗೆ ಹೋದರೆ ಮಾತು ಬಾರದು. ಪ್ಲಾಟ್ ಬಂದ ಮೇಲೆ ಅವರ ದಿನವೇ ಬದಲಾಯ್ತು. ಪಕ್ಕದ ಪ್ಲಾಟಿನಲ್ಲಿ ಜಮೈಕಾ ಮೂಲದ ಒಬ್ಬ ಅಜ್ಜಿ ಇದ್ದಾರೆ. ಅವರ ಕಲ್ಲಾಲೂ ಅಂದರೆ ನಮ್ಮ ದಂಟಿನ ಸೊಪ್ಪಿನ ಜಾತಿಯದೇ. ಅತ್ತೆ ಒಂದು ದಿನ ಬೇಲಿ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದರು. ಆ ಅಜ್ಜಿ ಏನೂ ಕೇಳದೆ ಒಂದು ಕಟ್ಟು ಕಿತ್ತು ಕೈಗಿಟ್ಟರು. ಮರುದಿನ ಅತ್ತೆ ಒಂದು ಡಬ್ಬಿ ಹುಳಿ ಕೊಂಡುಹೋಗಿ ಕೊಟ್ಟರು. ಅಲ್ಲಿಂದ ಇಬ್ಬರೂ ದಿನಾ ಕೂತು ಮಾತಾಡುತ್ತಾರೆ, ಇವರು ಕನ್ನಡದಲ್ಲಿ, ಅವರು ಅವರ ಇಂಗ್ಲಿಷಿನಲ್ಲಿ. ಸೊಪ್ಪಿನ ಬೀಜ ಮೇ ಕೊನೆಗೆ ಮೊದಲು ಹಾಕಬೇಡಿ, ನೆಲ ಬೆಚ್ಚಗಾಗಲಿ ಅಂತ ಆ ಅಜ್ಜಿಯೇ ಹೇಳಿಕೊಟ್ಟದ್ದು. ನಮಗೆ ಆ ಬೀಜವೂ ಅವರಿಂದಲೇ ಬಂತು.

ಇನ್ನೊಂದು ದಿನದ ಮಾತು. ನನ್ನ ಗಂಡ ಬೀಟ್‌ರೂಟ್ ಸಾಲಿನ ಕಳೆ ಕಿತ್ತು ರಾಶಿ ಹಾಕಿದ್ದರು. ಅತ್ತೆ ಬಂದವರೇ ರಾಶಿಗೆ ಕೈಹಾಕಿ, "ಅಯ್ಯೋ, ಸೊಪ್ಪು ಕಿತ್ತು ಎಸೀತಿದೀಯಲ್ಲೋ!" ಅಂತ ಮಗನಿಗೆ ಬೈದರು. ಎಲೆಯ ಮೇಲೆ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಪುಡಿ ಇರುವ ಒಂದು ಗಿಡ, ಇಲ್ಲಿನವರು ಫ್ಯಾಟ್ ಹೆನ್ ಅಂತಾರೆ. ಉತ್ತರ ಭಾರತದವರ ಬಥುವಾ ಅದೇ, ನಮ್ಮ ಚಕ್ಕೋತ ಸೊಪ್ಪಿನ ಹತ್ತಿರದ ನೆಂಟ. ಗೊಬ್ಬರ ಹಾಕಿದ ನೆಲದಲ್ಲೆಲ್ಲ ತಾನಾಗಿ ಏಳುತ್ತದೆ. ಅದರ ಎಳೆ ಕುಡಿ, ಜೊತೆಗೆ ಬೀಟ್‌ರೂಟ್ ಸೊಪ್ಪು, ಮೂಲಂಗಿ ಸೊಪ್ಪು, ಕುಂಬಳದ ಕುಡಿ ಎಲ್ಲ ಸೇರಿಸಿ ಅತ್ತೆ ಬೆರಕೆ ಸೊಪ್ಪಿನ ಉಪ್ಸಾರು ಮಾಡಿದರು. ಆ ಕಳೆಯನ್ನು ಈಗ ನಾವು ಎಳೆಯದಾಗಿರುವಾಗಲೇ ಕಿತ್ತು ತಿಂದು ಮುಗಿಸುತ್ತೇವೆ, ಬೀಜ ಆಗಲು ಬಿಡುವುದಿಲ್ಲ. ಬಿಟ್ಟರೆ ಮುಂದಿನ ವರ್ಷ ಪ್ಲಾಟ್ ತುಂಬ ಅದೇ.

ಆಲೂಗಡ್ಡೆ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ನಮ್ಮ ಮನೆಯವರಿಗೆ ಅದು ಬರೀ ತರಕಾರಿ ಅಲ್ಲ. ಹಾಸನ ಅಂದರೆ ಒಂದು ಕಾಲಕ್ಕೆ ಆಲೂಗಡ್ಡೆ. ಜಲಂಧರ್‌ನಿಂದ ಬಿತ್ತನೆ ಗಡ್ಡೆ ಬರಬೇಕು, ಎಪಿಎಂಸಿಯಲ್ಲಿ ಸಾಲು ನಿಂತು ತರಬೇಕು, ಮುಂಗಾರಿಗೆ ಕುಫ್ರಿ ಜ್ಯೋತಿ ತಳಿ ನೆಡಬೇಕು. ಆಮೇಲೆ ಅಂಗಮಾರಿ ಬರುತ್ತಿತ್ತು. ಸಂಜೆ ಹಸಿರಾಗಿದ್ದ ಹೊಲ, ಮೋಡ ಜಡಿಮಳೆ ಹಿಡಿದರೆ ನಾಲ್ಕೈದು ದಿನದಲ್ಲಿ ಕಪ್ಪು. ಎಷ್ಟೋ ಮನೆಗಳು ಈ ರೋಗಕ್ಕೆ ಸೋತು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಹೋದವು, ನಮ್ಮ ಮಾವನವರೂ ಹಾಗೇ ಬಿಟ್ಟದ್ದು. ಇಲ್ಲಿ ಬ್ಲೈಟ್ ಅಂತ ಎಲ್ಲರೂ ಹೆದರುವುದು ಅದೇ ರೋಗಕ್ಕೆ, ಅದೇ ಫೈಟಾಫ್ತೊರ ಅನ್ನುವ ಬೂಷ್ಟಿನಂಥ ರೋಗಾಣು. 1845ರಿಂದ ಐರ್ಲೆಂಡನ್ನು ಹಸಿವಿಗೆ ತಳ್ಳಿದ್ದೂ ಅದೇ.

ಇಲ್ಲಿ ಅದಕ್ಕೆ ಒಂದು ಲೆಕ್ಕ ಇಟ್ಟಿದ್ದಾರೆ. ಸತತ ಎರಡು ದಿನ ತಾಪಮಾನ 10 ಡಿಗ್ರಿಗಿಂತ ಕೆಳಗೆ ಇಳಿಯದೆ, ಎರಡೂ ದಿನ ಕನಿಷ್ಠ 6 ಗಂಟೆ ಗಾಳಿಯ ತೇವ ನೂರಕ್ಕೆ 90 ಇದ್ದರೆ ರೋಗ ಬರುವ ಕಾಲ ಅಂತ. ಹಟ್ಟನ್ ಲೆಕ್ಕ ಅಂತಾರೆ ಇದಕ್ಕೆ. ಅಂಥ ದಿನಗಳು ಹೆಚ್ಚಾಗಿ ಬರುವುದು ಜುಲೈ ಆಗಸ್ಟ್‌ನಲ್ಲಿ. ಹಾಗಾಗಿ ನಾವು ಬೇಗ ಬರುವ ತಳಿಯನ್ನೇ ಜಾಸ್ತಿ ನೆಡುತ್ತೇವೆ. ಫೆಬ್ರವರಿಯಲ್ಲಿ ಗಡ್ಡೆಗಳನ್ನು ಮೊಟ್ಟೆ ಟ್ರೇಯಲ್ಲಿ ಕಣ್ಣು ಮೇಲಾಗಿ ಕೂರಿಸಿ ಕಿಟಕಿ ಹತ್ತಿರ ಇಟ್ಟರೆ ದಪ್ಪ ಗಿಡ್ಡ ಮೊಳಕೆ ಬರುತ್ತವೆ. ಯುಗಾದಿ ಆಸುಪಾಸಿಗೆ ನೆಲಕ್ಕೆ. ಸಾಲಿಗೆ ಮಣ್ಣು ಏರಿಸುತ್ತಾ ಬಂದರೆ ಜೂನ್ ಕೊನೆಗೆ ಕೀಳಬಹುದು, ಅಂಗಮಾರಿಗೆ ಸಿಗುವ ಮೊದಲೇ ಬೆಳೆ ಮನೆಯಲ್ಲಿ. ಚಳಿಗಾಲಕ್ಕೆ ಇಡಲು ಒಂದು ಸಾಲು ಸಾರ್ಪೊ ಮೀರಾ, ಕೆಂಪು ಸಿಪ್ಪೆಯದು, ರೋಗ ತಡೆಯುತ್ತದೆ. ಮೊದಲ ವರ್ಷ ಗುದ್ದಲಿ ಬಿಟ್ಟು ಕೈಯಲ್ಲೇ ಮಣ್ಣು ಬಗೆದು ಗಡ್ಡೆ ತೆಗೆಯುವಾಗ ನನ್ನ ಗಂಡ ಅವರಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದರು. ಮಾವನವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಎಲೆ ತಳ ತೋರ್ಸು," ಅಂದರು. ಎಲೆ ತಿರುಗಿಸಿ ತೋರಿಸಿದರೆ, "ಮಚ್ಚೆ ಇಲ್ಲ. ಗೆದ್ದೆ ಬಿಡು ಮಗ," ಅಂದರು.

ಟೊಮೇಟೊಗೂ ಅದೇ ರೋಗ ಬರುತ್ತದೆ. ಆಗಸ್ಟ್‌ನಲ್ಲಿ ಕಾಂಡದ ಮೇಲೆ ಕಂದು ಪಟ್ಟೆ ಕಂಡ ದಿನವೇ ಹಸಿರು ಕಾಯಿಯನ್ನೆಲ್ಲ ಕಿತ್ತು ತಂದು, ಗಟ್ಟಿ ಇರುವುದನ್ನು ಗೊಜ್ಜು ಮಾಡುವುದು. ಕಾಯಿ ಟೊಮೇಟೊ ಗೊಜ್ಜು ನಮ್ಮ ಮನೆಯಲ್ಲಿ ಹಣ್ಣಿಗಿಂತ ಬೇಗ ಖರ್ಚಾಗುತ್ತದೆ.

ಜನ ಕೇಳುತ್ತಾರೆ, ಇಷ್ಟೆಲ್ಲ ಮಾಡಿದರೆ ದುಡ್ಡು ಉಳಿಯುತ್ತಾ ಅಂತ. ಏನು ಬೆಳೆಯುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಈರುಳ್ಳಿ, ಕ್ಯಾರೆಟ್ ಅಂಗಡಿಯಲ್ಲಿ ಅಗ್ಗ, ಅದಕ್ಕೆ ಜಾಗ ಕೊಡುವುದು ನನಗೆ ಇಷ್ಟವಿಲ್ಲ. ಅಂಗಡಿಯಲ್ಲಿ ಸಿಗದಿರುವುದನ್ನು ಬೆಳೆಯಿರಿ ಅಂತ ನಾನು ಎಲ್ಲರಿಗೂ ಹೇಳುವುದು. ನವಿಲುಕೋಸು ನೋಡಿ. ಅದು ಯೂರೋಪಿನದೇ ತರಕಾರಿ, ಆದರೆ ಇಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಕಾಣುವುದು ಅಪರೂಪ, ಕಂಡರೂ ಎಲೆ ಕತ್ತರಿಸಿ ಬೋಳು ಗಡ್ಡೆ ಮಾತ್ರ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಸ್ವಲ್ಪ ಸ್ವಲ್ಪ ಬಿತ್ತುತ್ತಾ ಹೋದರೆ ಎರಡು ಎರಡೂವರೆ ತಿಂಗಳಿಗೆ ಎಳೆ ಗಡ್ಡೆ ಸಿದ್ಧ, ಎಲೆ ಸಮೇತ. ಇಲ್ಲಿನ ತಂಪಿಗೆ ಅದು ಬೆಂಡಾಗುವುದೂ ನಿಧಾನ. ನವಿಲುಕೋಸಿನ ಹುಳಿಗೆ ನಾನು ಊರಲ್ಲೂ ಇಷ್ಟು ಎಳೆಯದನ್ನು ಹಾಕಿಲ್ಲ. ಒಂದೇ ಒಂದು ತೊಂದರೆ, ಪಾರಿವಾಳ. ಕೋಸಿನ ಜಾತಿಯ ಯಾವ ಗಿಡವನ್ನೂ ಬಲೆ ಹಾಕದೆ ಬಿಡುವ ಹಾಗಿಲ್ಲ, ಬೆಳಗಾಗುವಷ್ಟರಲ್ಲಿ ನರ ಮಾತ್ರ ಉಳಿದಿರುತ್ತದೆ. ಅದೇ ಬಲೆ ಬಿಳಿ ಚಿಟ್ಟೆಯನ್ನೂ ತಡೆಯಬೇಕು ಅಂದರೆ ಕಣ್ಣು ಸಣ್ಣದಿರಬೇಕು.

ಮೆಂತ್ಯ ಸೊಪ್ಪಿಗೆ ಬೀಜ ಅಂತ ದುಡ್ಡು ಕೊಡಬೇಡಿ, ಅಡುಗೆಮನೆ ಡಬ್ಬದ ಮೆಂತ್ಯವೇ ಸಾಕು. ಒಂದು ರಾತ್ರಿ ನೆನೆಸಿ ಏಪ್ರಿಲ್‌ನಲ್ಲಿ ಚೆಲ್ಲಿದರೆ ತಿಂಗಳೊಪ್ಪತ್ತಿಗೆ ಸೊಪ್ಪು. ಕೊತ್ತಂಬರಿಗೆ ಉದ್ದ ಹಗಲು ಆಗುವುದಿಲ್ಲ, ಜೂನ್‌ನಲ್ಲಿ ಬಿತ್ತಿದ್ದು ಎಲೆ ಬಿಡುವ ಮೊದಲೇ ಹೂವಿಗೆ ಓಡುತ್ತದೆ. ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಬಿತ್ತಿ, ನೆರಳು ಬೀಳುವ ಕಡೆ. ಬಿಳಿ ಮೂಲಂಗಿಯೂ ಅಷ್ಟೇ, ಹಗಲು ಕುಗ್ಗಲು ಶುರುವಾದ ಮೇಲೆ, ಜುಲೈನಲ್ಲಿ. ಮೊದಲು ಹಾಕಿದರೆ ಗಡ್ಡೆಯ ಬದಲು ಹೂ. ಬದನೆ, ಮೆಣಸಿನಕಾಯಿ ಗಾಜಿನ ಮನೆಯೊಳಗೆ ಮಾತ್ರ.

ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಲ್ಲಿ ಕುದುರೆ ಲಾಯದವರು ಲದ್ದಿ ಪುಕ್ಕಟೆ ಕೊಡುತ್ತಾರೆ. ಆದರೆ ಹುಲ್ಲಿಗೆ ಅಮಿನೊಪೈರಾಲಿಡ್ ಅನ್ನುವ ಕಳೆನಾಶಕ ಹೊಡೆದಿದ್ದರೆ ಅದು ಕುದುರೆ ಹೊಟ್ಟೆ ದಾಟಿ ಲದ್ದಿಯಲ್ಲೂ ಉಳಿಯುತ್ತದೆ, ಆಮೇಲೆ ನಿಮ್ಮ ಬೀನ್ಸ್, ಟೊಮೇಟೊ, ಆಲೂಗಡ್ಡೆ ಎಲ್ಲ ಮುರುಟಿ ಹೋಗುತ್ತವೆ. ಲದ್ದಿ ಮಣ್ಣು ಬೆರೆಸಿದ ಕುಂಡದಲ್ಲಿ ನಾಲ್ಕು ಬೀನ್ಸ್ ಬೀಜ ಹಾಕಿ ನೋಡಿ. ಎಲೆ ಸುರುಳಿ ಸುತ್ತದೆ ನೆಟ್ಟಗೆ ಬಂದರೆ ಮಾತ್ರ ಪ್ಲಾಟಿಗೆ ಹಾಕಿ.

ಬಸವನಹುಳ ಇಲ್ಲಿನ ದೊಡ್ಡ ಶತ್ರು, ಅದರಲ್ಲೂ ಚಿಪ್ಪಿಲ್ಲದವು. ಅವನ್ನು ಕೊಲ್ಲುವ ಮೆಟಾಲ್ಡಿಹೈಡ್ ಅನ್ನುವ ವಿಷದ ಹರಳನ್ನು ಹೊರಗೆ ಬಳಸುವುದನ್ನು 2022ರಲ್ಲಿ ನಿಲ್ಲಿಸಿದರು, ಹೆಜ್‌ಹಾಗ್ ಅನ್ನುವ ಪುಟ್ಟ ಮುಳ್ಳುಮೈ ಪ್ರಾಣಿಗೆ, ಹಕ್ಕಿಗಳಿಗೆ ಅಪಾಯ ಅಂತ. ಒಳ್ಳೆಯದೇ ಆಯ್ತು. ಮಗಳು ಮಳೆ ನಿಂತ ಸಂಜೆ ಟಾರ್ಚ್ ಹಿಡಿದು ಬಕೆಟ್‌ಗೆ ಹೆಕ್ಕಿ ಹಾಕುತ್ತಾಳೆ. ಆ ಕೆಲಸ ಅವಳದೇ, ಬೇರೆಯವರಿಗೆ ಬಿಡುವುದಿಲ್ಲ.

ಆ 2022ರ ಬೇಸಿಗೆ ಮರೆಯುವ ಹಾಗಿಲ್ಲ. ಜುಲೈ 19ರಂದು ಲಿಂಕನ್‌ಶೈರ್‌ನ ಕನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಮುಟ್ಟಿತು, ಈ ದೇಶ ಕಂಡ ಅತಿ ಹೆಚ್ಚು ಬಿಸಿಲು. ನಮ್ಮ ಕಡೆ ಜೇಡಿ ಬಿರುಕು ಬಿಟ್ಟಿತ್ತು. ತೊಟ್ಟಿಯಿಂದ ಕ್ಯಾನಿನಲ್ಲಿ ಹೊತ್ತು ಹಾಕಿದ ನೀರು ಬಿರುಕಿನಲ್ಲಿ ಇಳಿದು ಕಾಣೆಯಾಗುತ್ತಿತ್ತು. ಆ ವರ್ಷ ಊರಿನ ಹಳೇ ಉಪಾಯ ಉಳಿಸಿತು. ಒಣಹುಲ್ಲು, ತರಗೆಲೆ, ಕಿತ್ತ ಕಳೆ ಏನು ಸಿಕ್ಕಿತೋ ಅದನ್ನು ಬುಡಕ್ಕೆ ದಪ್ಪಗೆ ಹೊದಿಸಿ, ಸಂಜೆ ಮಾತ್ರ ನೀರು.

ಚಳಿಗಾಲದಲ್ಲಿ ಕೆಲಸ ಕಡಿಮೆ. ಈರುಳ್ಳಿ ಜಾತಿಯ ಲೀಕ್ಸ್, ಕೋಸಿನ ಜಾತಿಯ ಕೇಲ್ ಹಿಮದಲ್ಲೂ ನಿಂತಿರುತ್ತವೆ. ಕೇಲ್ ಸೊಪ್ಪನ್ನು ಸಣ್ಣಗೆ ಹೆಚ್ಚಿ ತೊಗರಿಬೇಳೆ ಜೊತೆ ಬೇಯಿಸಿ ಬಸ್ಸಾರು ಮಾಡಿದರೆ ತುಂಬಾ ಚೆನ್ನಾಗಿರುತ್ತದೆ, ಹಿಮ ಬಿದ್ದ ಮೇಲೆ ಕಿತ್ತದ್ದಾದರೆ ಸಿಹಿ ಜಾಸ್ತಿ. ನಿಜವಾಗಿ ಕಷ್ಟದ ತಿಂಗಳು ಏಪ್ರಿಲ್. ಚಳಿಗಾಲದ್ದು ಮುಗಿದಿರುತ್ತದೆ, ಹೊಸದು ಬಂದಿರುವುದಿಲ್ಲ, ಹಸಿದ ಸಂದು ಅಂತ ಇಲ್ಲಿನ ಹಳಬರು ಅದಕ್ಕೆ ಹೆಸರಿಟ್ಟಿದ್ದಾರೆ. ನಾವು ಆ ತಿಂಗಳಿಗೆ ಅಂತಲೇ ಒಂದು ಮೂಲೆಯಲ್ಲಿ ಪಾಲಕ್ ಜಾತಿಯ ಚಾರ್ಡ್ ಉಳಿಸಿಕೊಂಡಿರುತ್ತೇವೆ.

ಯಾರಿಗಾದರೂ ಬೇಕು ಅನ್ನಿಸಿದರೆ ಇವತ್ತೇ ನಿಮ್ಮ ನಗರಸಭೆಗೆ ಹೆಸರು ಕೊಡಿ, ಬಹಳ ಕಡೆ ಸರದಿ ಉದ್ದ ಇದೆ. ಪೂರ್ತಿ ಪ್ಲಾಟ್ ಬೇಡ, ಅರ್ಧ ಕೇಳಿ. ಪಾಳು ಬಿಟ್ಟರೆ ನೋಟಿಸ್ ಕೊಟ್ಟು ವಾಪಸ್ ತಗೊಳ್ಳುತ್ತಾರೆ, ಕಾದು ಕೂತ ಇನ್ನೊಬ್ಬರಿಗೆ ಕೊಡುತ್ತಾರೆ, ಅದು ನ್ಯಾಯವೇ. ಜಾಗ ನೋಡಲು ಹೋದಾಗ ಅಕ್ಕಪಕ್ಕದ ಪ್ಲಾಟಿನವರನ್ನು ಮಾತಾಡಿಸಿ, ಅವರ ಸಾಲಿನಲ್ಲಿ ಏನು ಚೆನ್ನಾಗಿ ಬಂದಿದೆ ನೋಡಿ. ನಿಮಗೂ ಮೊದಲ ವರ್ಷ ಬರುವುದು ಅದೇ.

ನಮ್ಮಲ್ಲಿ ಈ ವಾರ ಬೆಳ್ಳುಳ್ಳಿ ನೆಟ್ಟಾಯ್ತು. ಭಾನುವಾರ ಮಳೆ ಬಿಟ್ಟರೆ ಬ್ರಾಡ್ ಬೀನ್ಸ್. ಅತ್ತೆ ಆಗಲೇ ಎರಡು ಸಲ ಫೋನ್ ಮಾಡಿ ಹೇಳಿದ್ದಾರೆ, ಹೋದ ವರ್ಷಕ್ಕಿಂತ ಒಂದು ಸಾಲು ಜಾಸ್ತಿ ಹಾಕಿ, ಮುಂದಿನ ಸಲ ತಂಗಿಯನ್ನೂ ಕರ್ಕೊಂಡು ಬರ್ತೀನಿ ಅಂತ.